ಬಾಲ ಹೇಳದ ಊರು

೬ ಜೂನ್

ಸೂಜಿಗೆ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನಿನ್ನ ಅತ್ತೆಯ ಬಲಗಾಲಿನ ಮಂಡಿಯೊಂದನ್ನು ಬಿಟ್ಟು. ಈ ಮನೆಯಲ್ಲಿ ಅವಳ ಮಾತು ಕೇಳದಿರುವುದು ಆ ಮಂಡಿ ಮಾತ್ರ.

ನಿನಗೆ ವಸ್ತುಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿದ್ದನ್ನು ಅಕ್ಕ ಹೇಳಿದಳು. ಅದೂ ನಾಣ್ಯದ ವಿಭಾಗದಲ್ಲಿ! ಇದು ಯಾರ ಕಡೆಯ ರಕ್ತ ಎಂದು ನಿನ್ನ ಅಪ್ಪನನ್ನು ಕೇಳು. ಭಾವ ಬಟ್ಟೆ ಅಂಗಡಿಯ ಗಲ್ಲಾದಲ್ಲಿ ಕೂತು ದಿನವಿಡೀ ನಾಣ್ಯ ಎಣಿಸಿದರೂ ಒಂದರ ಮುಖವನ್ನೂ ನೋಡಿದವರಲ್ಲ. ನಾನು ನಾಲ್ಕನೇ ತರಗತಿಯ ಪಂಡಿತ, ಸಂತೆಯಿಂದ ಸಂತೆಗೆ ತಕ್ಕಡಿ ರಿಪೇರಿ ಮಾಡುತ್ತಾ ಅಲೆಯುವವನು. ಆದರೂ ನನ್ನ ಪೆಟ್ಟಿಗೆಯಲ್ಲಿ ಎಷ್ಟು ರಾಜರು ಮಲಗಿದ್ದಾರೆ ಗೊತ್ತೇ? ಅಂಗಡಿಯವರು ತಟ್ಟೆಗಳು ಸಮ ಬರಲಿ ಎಂದು ಹಗುರವಾದದ್ದರ ಅಡಿಗೆ ಅರಗಿನಿಂದ ಯಾವುದೋ ತಾಮ್ರದ ಚೂರು ಅಂಟಿಸಿರುತ್ತಾರೆ. ಆ ಚೂರುಗಳಲ್ಲಿ ಎಷ್ಟೋ ಹಳೆಯ ನಾಣ್ಯಗಳು. ನಾನು ಅದನ್ನು ಕಿತ್ತು ಅಷ್ಟೇ ತೂಕದ ಸೀಸ ಹಾಕಿಕೊಡುತ್ತೇನೆ. ಅವರಿಗೆ ತಕ್ಕಡಿ ಸರಿಹೋಯಿತು, ನನಗೆ ಸಾಮ್ರಾಜ್ಯ ಸಿಕ್ಕಿತು.

ನಿಮ್ಮಲ್ಲಿ ಸಿಂಹದ ರಾಜನ ತಾಮ್ರದ ಕಾಸುಗಳಿವೆ ಎಂದು ಅಕ್ಕ ಅಂದಳು. ಹಾಗಿದ್ದರೆ ಈ ಮಾವನ ಪಾಠ ಕೇಳಿಕೋ. ಆ ರಾಜನಿಗೆ ಮೂರು ಟಂಕಸಾಲೆಗಳಿದ್ದವು, ನಾಣ್ಯ ಒತ್ತುವ ಮೂರು ಮನೆಗಳು. ಒಂದು ಬೆಟ್ಟದಲ್ಲಿ, ಒಂದು ನದಿ ಬಯಲಿನಲ್ಲಿ, ಒಂದು ಬಂದರಿನಲ್ಲಿ. ಮೂರು ಕಡೆಯೂ ಅಚ್ಚು ಕೊರೆಯುವವನಿಗೆ ರಾಜ ಹೇಳಿದ್ದು ಒಂದೇ ಮಾತು: ಸಿಂಹ ಕೊರಿ. ಮೂವರಲ್ಲಿ ಯಾರೂ ಸಿಂಹ ನೋಡಿದವರಲ್ಲ. ಬೆಟ್ಟದವನು ಕುತ್ತಿಗೆಯ ಸುತ್ತ ಕೂದಲು ಹಾಕಿ ಹೇಗೋ ಮಾನ ಉಳಿಸಿಕೊಂಡ. ಬಯಲಿನವನು ತನ್ನ ಮನೆಯ ನಾಯಿಯನ್ನೇ ಕೊರೆದ, ಬಾಲ ಬೆನ್ನ ಮೇಲೆ ಸುರುಳಿ. ಬಂದರಿನವನು ಹುಟ್ಟಿದಾಗಿನಿಂದ ಕಂಡದ್ದು ಮೀನು. ಅವನ ಸಿಂಹದ ಬಾಲ ತುದಿಯಲ್ಲಿ ಎರಡಾಗಿ ಸೀಳಿದೆ. ನಾಣ್ಯವನ್ನು ನನ್ನ ಅಂಗೈಗೆ ಹಾಕು, ಕಣ್ಣು ಮುಚ್ಚಿ ಊರು ಹೇಳುತ್ತೇನೆ.

ಇನ್ನೊಂದು ಗುಟ್ಟು. ನಾಣ್ಯಗಳ ಹಿಂಬದಿ ನೋಡಬೇಕಾದರೆ ಒಂದೊಂದನ್ನೇ ಉಗುರಿನಿಂದ ಎಬ್ಬಿಸುತ್ತಾ ಕೂರಬೇಡ. ಟ್ರೇಯ ಮೇಲೆ ಖಾಲಿ ಟ್ರೇ ಬೋರಲು ಹಾಕಿ, ಎರಡನ್ನೂ ಗಟ್ಟಿಯಾಗಿ ಹಿಡಿದು, ಒಂದೇ ಏಟಿಗೆ ತಿರುವಿಬಿಡು. ಎಲ್ಲ ರಾಜರೂ ಒಟ್ಟಿಗೆ ಮಗ್ಗುಲು ಬದಲಾಯಿಸುತ್ತಾರೆ. ಇದು ನನ್ನದೇ ಶೋಧ.

ಇಂತಿ,
ಮೂರು ಟಂಕಸಾಲೆಗಳ ಒಡೆಯ, ನಿನ್ನ ಸೋದರಮಾವ


೨೧ ಜೂನ್

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದವನ್ನು ಮಧ್ಯಾಹ್ನದ ಬಿಡುವಿನಲ್ಲಿ ಓದಿ ಒಬ್ಬಳೇ ನಕ್ಕೆ. ಬಾಗಿಲ ಕಾವಲಿನವರು ಒಳಗೆ ಇಣುಕಿ, "ಏನಮ್ಮಾ, ನಾಣ್ಯಗಳು ಜೋಕು ಹೇಳ್ತಿವೆಯಾ?" ಎಂದರು.

ನನ್ನ ಕೋಣೆ ಮೆಟ್ಟಿಲ ಕೆಳಗಿದೆ. ಒಂದು ಕಿಟಕಿ, ಒಂದು ಉದ್ದನೆಯ ಮೇಜು, ಕತ್ತು ಬಗ್ಗಿಸುವ ದೀಪ, ಗೋಡೆಯುದ್ದಕ್ಕೂ ಎಳೆದು ತೆಗೆಯುವ ತೆಳ್ಳಗಿನ ಅರೆಗಳ ಬೀರು. ನನ್ನ ಜವಾಬ್ದಾರಿ ಒಂದೇ ಟ್ರೇ. ಅದರ ತುಂಬ ಸಿಂಹದ ಕಾಸುಗಳು, ಎಲ್ಲವೂ ಹೆಬ್ಬೆರಳ ಉಗುರಿನಷ್ಟು. ಪ್ರತಿಯೊಂದಕ್ಕೂ ಒಂದು ಸಣ್ಣ ಗುಂಡಿ, ಗುಂಡಿಯಲ್ಲಿ ನಾಣ್ಯದ ಕೆಳಗೆ ದುಂಡಗೆ ಕತ್ತರಿಸಿದ ಚೀಟಿ. ಅದು ಯಾವ ಊರಿನ ಯಾವ ಹೊಲದಲ್ಲಿ, ಯಾರ ಹಿತ್ತಲಿನಲ್ಲಿ ಸಿಕ್ಕಿತು ಎಂದು ಮುಖ್ಯಸ್ಥರು ತಮ್ಮ ಕೈಯಾರೆ ಬರೆದಿದ್ದಾರೆ. ಇಷ್ಟು ವರ್ಷ ಅವರೇ ಊರೂರು ತಿರುಗಿ ಕೂಡಿಸಿದ್ದಂತೆ. ಈಗ ಉತ್ಖನನಕ್ಕೆ ಹೋಗಿದ್ದಾರೆ, ಅಕ್ಟೋಬರಿನಲ್ಲಿ ಬರುತ್ತಾರೆ. ಅಷ್ಟರಲ್ಲಿ ನಾನು ಎಲ್ಲದರ ಎರಡೂ ಮುಖಗಳ ಫೋಟೋ ತೆಗೆಸಿ, ಚೀಟಿಯಲ್ಲಿದ್ದುದನ್ನು ದಾಖಲೆಗೆ ಏರಿಸಬೇಕು. ಇದುವರೆಗೆ ಅದನ್ನು ಬೇರೆಲ್ಲೂ ಬರೆದಿಲ್ಲ. ಅವರು ಬಂದು ನೋಡಿ ಒಪ್ಪಿದರೆ ಕೆಲಸ ಕಾಯಂ. ಒಪ್ಪದಿದ್ದರೆ ಅಪ್ಪನ ಅಂಗಡಿಯ ಹಿಂದಿನ ಕೋಣೆ, ಬಟ್ಟೆಯ ಥಾನು ಮಡಿಸುವುದು. ಅದನ್ನು ನೆನೆಸಿಕೊಂಡರೇ ಕೈ ಇನ್ನೂ ಹುಷಾರಾಗುತ್ತದೆ.

ನಿಮ್ಮ ತಿರುವುವ ಉಪಾಯ ದಿನವೂ ನೆನಪಾಗುತ್ತದೆ. ಧೈರ್ಯ ಸಾಲದು.

ಒಂದು ಪ್ರಶ್ನೆ: ಕೆಲವು ಸಿಂಹಗಳ ಹೊಟ್ಟೆಯ ಕೆಳಗೆ ಅರ್ಧಚಂದ್ರದಂಥದ್ದು ಏನೋ ಇದೆ. ಅದೇನು?

ನಿಮ್ಮ,
ಸೂಜಿ


೨೮ ಜೂನ್

ಸೂಜಿಗೆ,

ಧೈರ್ಯ ಸಾಲದಂತೆ! ಮೂರನೇ ವಯಸ್ಸಿನಲ್ಲಿ ನನ್ನ ತಕ್ಕಡಿಯ ತಟ್ಟೆಯಲ್ಲಿ ಕೂತು, ಇನ್ನೊಂದು ತಟ್ಟೆಗೆ ನಿನ್ನ ಅಮ್ಮನನ್ನು ಕೂರಿಸು ಎಂದು ಹಟ ಹಿಡಿದವಳು ನೀನು. ಹೀಗೆ ಒಂದೊಂದನ್ನೇ ಎತ್ತಿ ಇಡುತ್ತಾ ಹೋದರೆ ನಿಮ್ಮ ಮುಖ್ಯಸ್ಥರು ಬರುವಾಗ ಅರ್ಧವೂ ಮುಗಿದಿರುವುದಿಲ್ಲ. ನಾನು ನನ್ನ ಪೆಟ್ಟಿಗೆಯನ್ನು ಬಸ್ಸಿನಲ್ಲಿ, ನಿಂತುಕೊಂಡು ತಿರುವಿದ್ದೇನೆ. ಒಂದು ಕಾಸೂ ಅಲ್ಲಾಡಿಲ್ಲ. ಕಂಡಕ್ಟರ್ ಚಪ್ಪಾಳೆ ತಟ್ಟಿದ.

ಅರ್ಧಚಂದ್ರ ಬಂದರಿನ ದೋಣಿ. ಇದರಲ್ಲಿ ಅನುಮಾನವೇ ಬೇಡ.

ಇಂತಿ,
ಎಂದೂ ಕೈ ನಡುಗದ ನಿನ್ನ ಸೋದರಮಾವ


೧೦ ಜುಲೈ

ಮಾವ,

ತಿರುವಿದೆ.

ಖಾಲಿ ಟ್ರೇ ಬೇರೆ ಬೀರುವಿನದು. ಅದರ ಗುಂಡಿಗಳು ದೊಡ್ಡವು, ಸಾಲುಗಳು ಓರೆ. ಬೋರಲು ಹಾಕಿದಾಗ ಅಂಚುಗಳು ಸರಿಯಾಗಿ ಕೂತವು, ಒಳಗೆ ಏನಿದೆ ಎಂದು ನಾನು ನೋಡಲೇ ಇಲ್ಲ. ತಿರುವುವಾಗ ಬಟಾಣಿ ಸುರಿದ ಹಾಗೆ ಸದ್ದಾಯಿತು. ಮೇಲಿನದನ್ನು ಎತ್ತಿದರೆ ನಾಣ್ಯಗಳೆಲ್ಲ ಒಂದು ಮೂಲೆಯಲ್ಲಿ ರಾಶಿ, ಚೀಟಿಗಳು ಹೂವಿನ ಎಸಳುಗಳ ಹಾಗೆ ಮೇಲೆ. ಒಂದು ಚೀಟಿ ನನ್ನ ತೋಳಿಗೆ ಅಂಟಿಕೊಂಡಿತ್ತು.

ಒಂದೇ ಒಂದು ಫೋಟೋ ಕೂಡ ಇನ್ನೂ ತೆಗೆಸಿರಲಿಲ್ಲ. ಫೋಟೋದವನು ಬರುವುದು ಮುಂದಿನ ವಾರ. ಅವನಿಗೆ ಬೇಗ ಆಗಲಿ ಎಂದೇ ಅಭ್ಯಾಸ ಮಾಡಲು ಹೋದೆ.

ಯಾವ ನಾಣ್ಯ ಯಾವ ಚೀಟಿಯದು ಎಂದು ಹೇಗೆ ತಿಳಿಯಲಿ? ಕೋಣೆಗೆ ಚಿಲಕ ಹಾಕಿಕೊಂಡು ಬರೆಯುತ್ತಿದ್ದೇನೆ. ಅಮ್ಮನಿಗೆ ಹೇಳಬೇಡಿ.

ಸೂಜಿ


೧೫ ಜುಲೈ

ಸೂಜಿಗೆ,

ಮೊದಲು ಒಂದು ಮಾತು. ನನ್ನ ಪೆಟ್ಟಿಗೆಯ ಗುಂಡಿಗಳನ್ನು ನಾನೇ ಒಂದೊಂದು ನಾಣ್ಯದ ಅಳತೆಗೆ ಕೊರೆದದ್ದು. ಅದರ ಮುಚ್ಚಳಕ್ಕೂ ಅದೇ ಅಳತೆಯ ಗುಂಡಿಗಳಿವೆ. ನಿಮ್ಮ ಸರ್ಕಾರಿ ಟ್ರೇಗಳು ಒಂದಕ್ಕೊಂದು ಕೂಡುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು?

ಇಷ್ಟನ್ನು ಬರೆದು ನಿನ್ನ ಅತ್ತೆಗೆ ಓದಿ ಹೇಳಿದೆ. ಅವಳು, "ಹುಡುಗಿ ಬಾವೀಲಿ ಬಿದ್ದಿದ್ದಾಳೆ. ನೀವು ದಡದಲ್ಲಿ ನಿಂತು ಹಗ್ಗ ನಂದಲ್ಲ ಅಂತಿದ್ದೀರಲ್ರೀ" ಎಂದಳು. ಹಾಗಾಗಿ ಹಗ್ಗ ಎಸೆಯುತ್ತಿದ್ದೇನೆ, ಹಿಡಿದುಕೋ.

ಚೀಟಿಗಳಲ್ಲಿ ಇರುವುದು ಮೂರೇ ಸೀಮೆಯ ಊರುಗಳು, ಹೌದು ತಾನೇ? ಬೆಟ್ಟ, ಬಯಲು, ಬಂದರು. ಸಿಂಹಗಳೂ ಮೂರೇ ಬಗೆ. ಕೂದಲಿನ ಸಿಂಹವನ್ನು ಬೆಟ್ಟದ ಚೀಟಿಯ ಮೇಲೆ ಇಡು, ನಾಯಿಬಾಲವನ್ನು ಬಯಲಿನ ಚೀಟಿಯ ಮೇಲೆ, ಮೀನುಬಾಲವನ್ನು ಬಂದರಿನದರ ಮೇಲೆ. ಬೆಟ್ಟದೊಳಗೆ ಈ ಹೊಲವೋ ಆ ಹೊಲವೋ ಎಂದು ಸ್ವಲ್ಪ ಆಚೀಚೆ ಆದರೆ ಆಗಲಿ, ಸೀಮೆ ತಪ್ಪುವುದಿಲ್ಲ. ಸವೆದು ಬಾಲ ಕಾಣದವುಗಳ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆ ಅಚ್ಚನ್ನು ನನಗೆ ಕಳಿಸು. ಪಕ್ಕದಲ್ಲಿ ತೂಕ ಬರೆ. ಬಂದರಿನವರು ತಾಮ್ರದಲ್ಲಿ ಕದಿಯುತ್ತಿದ್ದರು, ಅವರ ಕಾಸು ಯಾವಾಗಲೂ ಒಂದು ಚೂರು ಹಗುರ.

ಅಳಬೇಡ. ಅತ್ತರೆ ಕಾಗದ ಒದ್ದೆಯಾಗಿ ಪೆನ್ಸಿಲ್ ಹತ್ತುವುದಿಲ್ಲ.

ಇಂತಿ,
ಹಗ್ಗದ ಸಮೇತ ನಿನ್ನ ಸೋದರಮಾವ


೨ ಆಗಸ್ಟ್

ಪ್ರೀತಿಯ ಮಾವನಿಗೆ,

ಅಚ್ಚುಗಳನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಮಡಿಸಬೇಡಿ.

ಒಂದು ವಿಚಿತ್ರ ಹೇಳಲೇ? ಮೊದಲ ವಾರ ಹೆದರಿಕೆಯಿಂದ ನೋಡುತ್ತಿದ್ದೆ. ಈಗ ಹೆದರಿಕೆ ಮರೆತುಹೋಗುತ್ತಿದೆ. ಬೆಳಿಗ್ಗೆ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತದಲ್ಲ, ಆಗ ಭೂತಗನ್ನಡಿ ಹಿಡಿದರೆ ಅಚ್ಚು ಕೊರೆದವರ ಕೈಯೇ ಕಾಣಿಸುತ್ತದೆ. ಬಯಲಿನವರಲ್ಲಿ ಇಬ್ಬರಿದ್ದಿರಬೇಕು ಮಾವ. ಒಬ್ಬನಿಗೆ ಅವಸರ, ಅವನ ಸಿಂಹಕ್ಕೆ ಮೂರೇ ಕಾಲು. ಇನ್ನೊಬ್ಬ ಉಗುರುಗಳನ್ನೂ ಬಿಡದೆ ಕೊರೆದಿದ್ದಾನೆ. ಬೆಟ್ಟದ ಒಂದು ಸಿಂಹ ನಗುತ್ತಿದೆ. ಅಚ್ಚು ಬಿರುಕು ಬಿಟ್ಟು ಬಾಯಿಯ ಗೆರೆ ಕೆನ್ನೆಯವರೆಗೆ ಹರಿದಿದೆ, ಅಷ್ಟೇ. ಆದರೂ ದಿನವೂ ಮೊದಲು ಅದರ ಮುಖ ನೋಡಿಯೇ ಕೆಲಸ ಶುರುಮಾಡುತ್ತೇನೆ.

ಬಾಲದ ಲೆಕ್ಕ ಚೆನ್ನಾಗಿ ಕೂಡುತ್ತಿದೆ. ಒಂದು ಮಾತ್ರ: ನೀವು ದೋಣಿ ಎಂದ ಅರ್ಧಚಂದ್ರ ಬೆಟ್ಟದ ಸಿಂಹದ ಕೆಳಗೂ ಇದೆ. ಬೆಟ್ಟದಲ್ಲಿ ದೋಣಿ ಯಾಕೆ?

ನಿಮ್ಮ,
ಸೂಜಿ


೧೪ ಆಗಸ್ಟ್

ಸೂಜಿಗೆ,

ಬೆಟ್ಟದಲ್ಲಿರುವುದು ಚಂದ್ರ, ಬಂದರಿನದು ದೋಣಿ. ಒಂದೇ ಆಕಾರವಾದರೇನು, ಕೊರೆದವನ ಮನಸ್ಸಿನಲ್ಲಿ ಬೇರೆ. ನನ್ನನ್ನು ಸಿಕ್ಕಿಸಬೇಡ.

ನಿನ್ನ ಅಚ್ಚುಗಳನ್ನು ಊಟದ ಮೇಜಿನ ತುಂಬ ಹರಡಿದ್ದೆ. ನಿನ್ನ ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದಳು. ನಾನು ನಾಯಿ ಎಂದರೆ ಅವಳು ಮೀನು ಅನ್ನುವುದು, ನಾನು ಮೀನು ಎಂದರೆ ಅವಳು ನಾಯಿ ಅನ್ನುವುದು. ಮದುವೆಯಾದಾಗಿನಿಂದ ನಾವು ಇಷ್ಟು ಸುಖವಾಗಿ ಜಗಳವಾಡಿರಲಿಲ್ಲ. ಎಲ್ಲದಕ್ಕೂ ಸೀಮೆ ಬರೆದು ವಾಪಸು ಕಳಿಸಿದ್ದೇನೆ. ಅವಳು ಗೆದ್ದ ಕಡೆ ಸಣ್ಣ ಚುಕ್ಕೆ ಇದೆ, ಅದನ್ನು ನೋಡಬೇಡ.

ಇನ್ನು ಟ್ರೇ ತುಂಬಿಸಿಬಿಡು. ಆದರೆ ನನಗೆ ಒಂದು ಹುಳು ಹೊಕ್ಕಿದೆ. ನನ್ನ ಪೆಟ್ಟಿಗೆಯ ಮೀನುಬಾಲಗಳೆಲ್ಲ ಒಳನಾಡಿನ ಸಂತೆಗಳ ತಕ್ಕಡಿಯಲ್ಲಿ ಸಿಕ್ಕವು. ಬಂದರಿನ ಮಣ್ಣಿನಿಂದಲೇ ಬಂದ ಮೀನುಬಾಲವನ್ನು ನಾನು ಒಮ್ಮೆಯೂ ಕಣ್ಣಾರೆ ಕಂಡಿಲ್ಲ. ಒಮ್ಮೆ ಹೋಗಿ ನೋಡಿಕೊಂಡು ಬಂದರೆ, ನಿಮ್ಮ ಮುಖ್ಯಸ್ಥರು ಅಡ್ಡಪ್ರಶ್ನೆ ಹಾಕಿದಾಗ ನೀನು ಎದೆ ತಟ್ಟಿ ಹೇಳಬಹುದು. ರಿಪೇರಿ ಪೆಟ್ಟಿಗೆ ಹೊತ್ತುಕೊಂಡು ಹೊರಟಿದ್ದೇನೆ. ಸಮುದ್ರದ ಗಾಳಿಗೆ ಅಲ್ಲಿಯ ತಕ್ಕಡಿಗಳೆಲ್ಲ ತುಕ್ಕು ಹಿಡಿದಿರುತ್ತವೆ, ದಾರಿಖರ್ಚು ಹುಟ್ಟುತ್ತದೆ.

ಇಂತಿ,
ಬಂದರಿನ ದಾರಿಯಲ್ಲಿರುವ ನಿನ್ನ ಸೋದರಮಾವ


೫ ಸೆಪ್ಟೆಂಬರ್

ಸೂಜಿಗೆ,

ಬಂದರಿನಿಂದ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲವೂ ಉಪ್ಪು. ಮೇಜು, ಬಾಗಿಲು, ನಾನು ಕೂತಿರುವ ಕುರ್ಚಿ, ಎಲ್ಲ ಅಂಟಂಟು.

ಹಡಗುಕಟ್ಟೆಯ ಹಿಂದಿನ ಬೀದಿಯಲ್ಲಿ ಹಗ್ಗ, ಮೊಳೆ, ಕೊಂಡಿ ತೂಕಕ್ಕೆ ಮಾರುವ ಒಬ್ಬ ಅಜ್ಜಿ ಇದ್ದಾಳೆ. ಬೀದಿಯವರೆಲ್ಲ ಹಗ್ಗದಜ್ಜಿ ಎನ್ನುತ್ತಾರೆ. ಅವಳ ತಕ್ಕಡಿಯ ಮುಳ್ಳು ಸರಿಮಾಡಿ, ಕೈ ತೊಳೆಯಲು ಹಿತ್ತಲಿಗೆ ಹೋದೆ. ಹಿತ್ತಲ ಬಾಗಿಲ ಚಿಲಕಕ್ಕೆ ವಾಶರ್ ಇರಬೇಕಾದ ಕಡೆ ತಾಮ್ರದ ಒಂದು ಬಿಲ್ಲೆ. ನಡುವೆ ತೂತು. ತೂತಿನ ಸುತ್ತ ಸಿಂಹ.

ಕೂದಲಿನ ಸಿಂಹ ಕಣೇ. ಕುತ್ತಿಗೆ ತುಂಬ ಕೂದಲು, ನಿನ್ನ ನಗುವ ಸಿಂಹದ ಖಾಸಾ ತಮ್ಮ.

"ಅಜ್ಜಿ, ಇದನ್ನ ಬೆಟ್ಟದ ಕಡೆಯಿಂದ ತಂದ್ರಾ?" ಎಂದೆ.

"ಯಾವ ಬೆಟ್ಟ? ಅಲ್ಲಿ ಬಾವಿ ಕಾಣ್ತಿದೆಯಲ್ಲ, ಅದನ್ನ ತೋಡುವಾಗ ನಮ್ಮನೆಯೋರಿಗೆ ಸಿಕ್ಕಿದ್ದು."

"ಹಾಗಾಗೋಕೆ ಸಾಧ್ಯ ಇಲ್ಲ. ಇದು ಬೆಟ್ಟದ್ದು. ಯಾರೋ ಕೊಟ್ಟಿರ್ಬೇಕು, ಸ್ವಲ್ಪ ನೆನಪು ಮಾಡ್ಕೊಳ್ಳಿ."

"ಅಯ್ಯೋ ನಿನ್ನ! ನನ್ನ ಬಾವಿ, ನನ್ನ ಗಂಡ, ನೆನಪು ಮಾತ್ರ ನೀನು ಹೇಳ್ಕೊಡ್ತೀಯಾ?" ಎಂದು ಬೈದಳು. ಆಮೇಲೆ ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ದುಡ್ಡು ತಾನೇ ಅದು? ಹಗ್ಗ ತಗೊಂಡೋರು ದುಡ್ಡು ಕೊಡ್ತಾರೆ. ನಿಮ್ಮ ದುಡ್ಡು ಯಾವೂರದು ಅಂತ ನಾನು ಕೇಳ್ತಾ ಕೂತ್ರೆ ವ್ಯಾಪಾರ ಆದ ಹಾಗೇ!"

ನಾನು ಅಲ್ಲೇ ಬಾವಿಕಟ್ಟೆಯ ಮೇಲೆ ಕೂತೆ. ನಾಣ್ಯ ನಾಣ್ಯ ಎಂದು ನೋಡುತ್ತಾ ನೋಡುತ್ತಾ, ಅದು ದುಡ್ಡು ಎನ್ನುವುದನ್ನೇ ಮರೆತಿದ್ದೆ. ಬೆಟ್ಟದಲ್ಲಿ ಒತ್ತಿದ ಕಾಸು ಬೆಟ್ಟದಲ್ಲೇ ಯಾಕೆ ಕೂರುತ್ತದೆ? ಯಾವನೋ ಅದನ್ನು ಸೊಂಟಕ್ಕೆ ಕಟ್ಟಿಕೊಂಡು ಇಳಿದು ಬಂದ, ಇಲ್ಲಿ ಏನೋ ಕೊಂಡ, ಅದು ಇಲ್ಲೇ ಬಿತ್ತು. ಬಾಲ ಹೇಳುವುದು ನಾಣ್ಯ ಹುಟ್ಟಿದ ಊರನ್ನು. ಅದು ಎಲ್ಲಿ ಸಿಕ್ಕಿತು ಎಂದು ಬಾಲಕ್ಕೇನು ಗೊತ್ತು? ನಿಮ್ಮ ಮುಖ್ಯಸ್ಥರು ಚೀಟಿಯಲ್ಲಿ ಬರೆದದ್ದು ಸಿಕ್ಕ ಊರು. ನಾವು ಜೋಡಿಸಿದ್ದು ಹುಟ್ಟಿದ ಊರು.

ಇದನ್ನು ಬರೆಯಬೇಕೋ ಬೇಡವೋ ಎಂದು ಈ ಹಾಳೆಯನ್ನು ಹರಿದು ಮತ್ತೆ ಬರೆದೆ.

ನಿನ್ನ ಸೋದರಮಾವ


೧೬ ಸೆಪ್ಟೆಂಬರ್

ಮಾವ,

ಯಾಕೆ ಬರೆದಿರಿ?

ಟ್ರೇ ತುಂಬಿ ವಾರಗಳಾದವು. ಎಷ್ಟು ಅಂದವಾಗಿದೆ ಗೊತ್ತೇ? ಜುಲೈನಲ್ಲಿ ನೆಪ ಹೇಳಿ ಮುಂದೂಡಿದ್ದ ಫೋಟೋದವನೂ ಬಂದು ಎರಡೂ ಮುಖಗಳನ್ನು ತೆಗೆದು ಹೋಗಿದ್ದಾನೆ. ಒಂದೊಂದನ್ನೇ ಎತ್ತಿ ಕೊಟ್ಟೆ. ಯಾರು ನೋಡಿದರೂ ಎಲ್ಲ ಮೊದಲಿನ ಹಾಗೆಯೇ ಇದೆ ಎನ್ನುತ್ತಾರೆ. ನಾನೂ ಹಾಗೆಯೇ ನಂಬಿದ್ದೆ.

ಮುಖ್ಯಸ್ಥರು ಈ ನಾಣ್ಯಗಳ ಮೇಲೆ ಏನು ಬರೆಯುತ್ತಿದ್ದಾರೆ ಎಂದು ನಿನ್ನೆ ಕಾವಲಿನವರನ್ನು ಕೇಳಿದೆ. ಮುಖ್ಯಸ್ಥರಿಗೆ ದಿನಾ ಚಹಾ ಒಯ್ದು ಕೊಡುತ್ತಿದ್ದವರು ಅವರೇ, ಎಲ್ಲ ಗೊತ್ತು. ಆ ರಾಜನ ಕಾಲದಲ್ಲಿ ಬೆಟ್ಟದವರಿಗೂ ಬಂದರಿನವರಿಗೂ ವ್ಯಾಪಾರ ಇತ್ತೋ ಇಲ್ಲವೋ, ಅದೇ ಅವರ ಪುಸ್ತಕದ ಪ್ರಶ್ನೆಯಂತೆ. ಉತ್ತರ ಇರುವುದು ಈ ಟ್ರೇಯಲ್ಲಿ. ಈಗ ಅವರು ಬಂದು ಅರೆ ಎಳೆದು ನೋಡಿದರೆ ಬೆಟ್ಟದ ಸಿಂಹಗಳೆಲ್ಲ ಬೆಟ್ಟದಲ್ಲಿ, ಮೀನುಬಾಲಗಳೆಲ್ಲ ಬಂದರಿನಲ್ಲಿ. ಯಾರೂ ಎಲ್ಲಿಗೂ ಹೋಗಲಿಲ್ಲ ಎಂದು ಬರೆಯುತ್ತಾರೆ. ಬೆಟ್ಟದಿಂದ ಬಂದರಿಗೆ ಇದ್ದ ಇಡೀ ದಾರಿಯನ್ನು ನಾವಿಬ್ಬರೂ ಸೇರಿ ಮುಚ್ಚಿದ್ದೇವೆ.

ನೀವು ಬರೆಯದೇ ಇದ್ದಿದ್ದರೆ ನನಗೆ ಗೊತ್ತಾಗುತ್ತಲೇ ಇರಲಿಲ್ಲ. ನನ್ನ ಕೆಲಸವೂ ಉಳಿಯುತ್ತಿತ್ತು.

ಸೂಜಿ


೨೧ ಸೆಪ್ಟೆಂಬರ್

ಸೂಜಿಗೆ,

ಊರಿಗೆ ಬಂದೆ. ಮೊನ್ನೆಯಿಂದ ಈ ಕಾಗದ ಬರೆಯಲು ಕೂರುವುದು, ಏಳುವುದು. ನಿನ್ನ ಅತ್ತೆ, "ಸುಳ್ಳಾಗಿದ್ರೆ ಇಷ್ಟೊತ್ತಿಗೆ ನಾಲ್ಕು ಹಾಳೆ ಆಗ್ತಿತ್ತು" ಎಂದು ಹೇಳಿ ಒಳಗೆ ಹೋದಳು.

ನೀನು ಸುಮ್ಮನಿದ್ದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಸಿಂಹಗಳು ಬಾಯಿ ಬಿಡುವುದಿಲ್ಲ, ಹಗ್ಗದಜ್ಜಿ ಅಲ್ಲಿಂದ ಬರುವುದಿಲ್ಲ. ನನ್ನ ವಿಚಾರ ನಿನಗೆ ಗೊತ್ತಲ್ಲ, ನಿನಗಾಗಿ ಯಾರ ಮುಂದೆ ಬೇಕಾದರೂ ಹಸಿ ಸುಳ್ಳು ಹೇಳುತ್ತೇನೆ, ಕಣ್ಣೂ ಮಿಟುಕಿಸುವುದಿಲ್ಲ. ನೀನು ಸುಮ್ಮನಿರು ಎಂದರೆ ಇರುತ್ತೇನೆ. ಅಕ್ಕನಿಗೂ ತಿಳಿಯದು.

ಆದರೆ ನನಗೆ ತಿಳಿದದ್ದನ್ನು ನಿನಗೆ ತಿಳಿಸದೇ ಇರಲು ಆಗಲಿಲ್ಲ. ನೀನು ಅದೇ ಟ್ರೇಯ ಮುಂದೆ ಇನ್ನು ಎಷ್ಟೋ ವರ್ಷ ಕೂರುವವಳು. ದಿನವೂ ಆ ನಗುವ ಸಿಂಹದ ಮುಖ ನೋಡುವವಳು. ನಾನು ಹೇಳಿಕೊಟ್ಟ ತಪ್ಪನ್ನು ನೀನು ನಿಜವೆಂದು ನಂಬಿ ಮುದುಕಿಯಾಗುವುದನ್ನು ನೆನೆಸಿಕೊಂಡೆ. ಆಮೇಲೆ ಪೆನ್ನು ತೆಗೆದೆ.

ಏನೇ ಮಾಡು, ನಾನು ನಿನ್ನ ಕಡೆ. ಹೇಳುವುದಾದರೆ ಟ್ರೇ ತಿರುವಲು ಕಲಿಸಿದವನು ನಾನು ಎಂದು ಮೊದಲು ಹೇಳು. ನನ್ನ ವಿಳಾಸ ಕೊಡು.

ನಿನ್ನ ಸೋದರಮಾವ


೧೨ ಅಕ್ಟೋಬರ್

ಪ್ರೀತಿಯ ಮಾವನಿಗೆ,

ಹೇಳಿದೆ.

ಮುಖ್ಯಸ್ಥರು ಬಸ್ಸಿಳಿದು ನೇರ ನನ್ನ ಕೋಣೆಗೇ ಬಂದರು, ಬೂಟಿನಲ್ಲಿ ಇನ್ನೂ ಕೆಂಪು ಮಣ್ಣು. "ಎಲ್ಲಿ, ನೋಡೋಣ" ಎಂದು ಅರೆಗೆ ಕೈ ಹಾಕಿದರು. ಅವರು ಎಳೆಯುವ ಮೊದಲೇ ಹೇಳಬೇಕು ಎಂದುಕೊಂಡಿದ್ದೆ. ಆಗಲಿಲ್ಲ. ಅವರು ಎಳೆದರು, ನೋಡಿದರು, ಅವರ ಮುಖ ಅರಳಿತು. "ಅರೇ, ಎಷ್ಟು ನೀಟಾಗಿ..." ಎಂದರು. ಆಗ ಹೇಳಿದೆ. ಎಲ್ಲವನ್ನೂ, ಅಜ್ಜಿಯ ಚಿಲಕದವರೆಗೆ.

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು.

"ತಿರುವೋದನ್ನ ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ಸಾರ್. ನಾನೇ."

"ಈ ಬಾಲದ ಲೆಕ್ಕ?"

"ಅದು ನಮ್ಮ ಮಾವಂದು."

"ಲೆಕ್ಕ ಸರಿಯಾಗಿದೆ. ಟಂಕಸಾಲೆ ಹೇಳೋಕೆ ಸರಿಯಾಗಿದೆ" ಎಂದರು. ಆಮೇಲೆ ಟ್ರೇಯಲ್ಲಿನ ಒಂದು ನಾಣ್ಯವನ್ನು ಎತ್ತಿ, "ಇದನ್ನ ಒಬ್ಬ ಮೇಷ್ಟ್ರು ಕೊಟ್ಟಿದ್ದು. ಇದೊಂದು ನೆನಪಿದೆ" ಎಂದು ಪಕ್ಕಕ್ಕೆ ಇಟ್ಟರು. ಇನ್ನೊಂದನ್ನು ಎತ್ತಿದರು. ಕತ್ತು ಅಲ್ಲಾಡಿಸಿ ಕೆಳಗಿಟ್ಟರು. ಅದನ್ನು ನೋಡುವುದಕ್ಕಿಂತ ಅವರು ಬೈದಿದ್ದರೆ ವಾಸಿಯಿತ್ತು.

ಪುಸ್ತಕದ ಆ ಅಧ್ಯಾಯವನ್ನು ಕೈಬಿಡುತ್ತಾರಂತೆ. ನನ್ನ ಕೆಲಸ ಕಾಯಂ ಆಗಿಲ್ಲ, ಹೋಗಿಯೂ ಇಲ್ಲ. ಇನ್ನೊಂದು ವರ್ಷ ನೋಡೋಣ ಎಂದರು. ಈಗ ಪ್ರತಿ ನಾಣ್ಯಕ್ಕೂ ಹೊಸ ಚೀಟಿ ಬರೆಯುತ್ತಿದ್ದೇನೆ: "ಒತ್ತಿದ್ದು ಬೆಟ್ಟದಲ್ಲಿ. ಸಿಕ್ಕ ಜಾಗ ತಿಳಿಯದು." ಕೈ ನೋಯುತ್ತದೆ. ಮನಸ್ಸು ಹಗುರವಾಗಿದೆ ಎಂದು ಬರೆದರೆ ಸುಳ್ಳು. ಆದರೆ ಕಾಗದ ಕತ್ತರಿಸುವಾಗ ಮೊನ್ನೆ ಒಂದು ಹಾಡು ಗುನುಗುತ್ತಿದ್ದೆನಂತೆ, ಕಾವಲಿನವರು ಹೇಳಿದರು.

ಸಂಜೆ ಮುಖ್ಯಸ್ಥರು ಮತ್ತೆ ಬಾಗಿಲಲ್ಲಿ ನಿಂತರು. "ಆ ಅಜ್ಜಿಯ ಬಾವಿ ಎಲ್ಲಿದೆ? ಎಷ್ಟು ಆಳದಲ್ಲಿ ಸಿಕ್ಕಿದ್ದು? ಜೊತೆಗೆ ಬೇರೇನು ಇತ್ತು? ಈಗ ನಮ್ಮ ಹತ್ರ ಬೆಟ್ಟ ಇಳಿದು ಬಂದರಿಗೆ ಹೋದದ್ದು ಅಂತ ಖಚಿತವಾಗಿ ಗೊತ್ತಿರೋ ಕಾಸು ಅದೊಂದೇ. ನಿಮ್ಮ ಮಾವನಿಗೆ ಬರೀರಿ. ಕಥೆ ಬೇಡ, ಗೊತ್ತಿರೋದಷ್ಟೇ ಸಾಕು ಅಂತ ಬರೀರಿ."

ಬರೆದಿದ್ದೇನೆ.

ನಿಮ್ಮ,
ಸೂಜಿ


೩೦ ಅಕ್ಟೋಬರ್

ಸೂಜಿಗೆ,

ಮೊದಲು ಜಗಳ. ತಿರುವಲು ಯಾರೂ ಹೇಳಿಕೊಡಲಿಲ್ಲ ಎಂದೆಯಾ? ನನ್ನ ಶೋಧವನ್ನು ನಿನ್ನ ಹೆಸರಿಗೆ ಬರೆಸಿಕೊಂಡೆಯಾ? ಅಕ್ಕನ ಮಗಳೆಂದು ಈ ಸಲ ಬಿಟ್ಟಿದ್ದೇನೆ. ನಿಮ್ಮ ಮುಖ್ಯಸ್ಥರಿಗೆ ಈ ಕಾಗದವನ್ನೇ ತೋರಿಸು, ಆ ಟ್ರೇ ಕೆಡಿಸಿದ ಕೀರ್ತಿ ನನ್ನದು.

ಬಂದರಿಗೆ ಮತ್ತೆ ಹೋಗಿ ಬಂದೆ. ನಿನ್ನ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ, ಅಜ್ಜಿಯ ಹತ್ತಿರ ಅವಳು ಮಾತಾಡಿದರೆ ಬೈಗುಳ ಕಡಿಮೆ ಎಂದು. ಇಬ್ಬರೂ ಸೇರಿ ನನ್ನನ್ನೇ ಬೈದರು. ಕೇಳಿದ್ದಕ್ಕೆ ಉತ್ತರ ಬರೆಯುತ್ತೇನೆ.

ಬಾವಿ ಹಗ್ಗದ ಅಂಗಡಿಯ ಹಿತ್ತಲಿನಲ್ಲಿದೆ, ಅಡಿಗೆಮನೆಯ ಗೋಡೆಗೆ ಹತ್ತಿರ. ಅಜ್ಜಿಯ ಗಂಡ ಕುತ್ತಿಗೆಯವರೆಗೆ ಇಳಿದಿದ್ದಾಗ ಗುದ್ದಲಿಗೆ ಸಿಕ್ಕಿತಂತೆ. ಗಂಡ ಎಷ್ಟು ಎತ್ತರವಿದ್ದ ಎಂದು ಕೇಳಿದೆ. "ನನ್ನ ಹೆಗಲಿಗೆ ಬರ್ತಿದ್ರು. ಆದ್ರೆ ನಿಂತ್ಕೊಳ್ಳೋದು ಮಾತ್ರ ಏನ್ ಠೀವಿ!" ಎಂದಳು. ಅಜ್ಜಿಯನ್ನು ಗೋಡೆಗೆ ನಿಲ್ಲಿಸಿ ಹೆಗಲವರೆಗೆ ಅಳೆದೆ, ಅಳತೆಯ ದಾರ ಲಕೋಟೆಯಲ್ಲಿದೆ. ಆಗ ಅವಳ ಬೆನ್ನು ನೆಟ್ಟಗಿತ್ತು, ಈಗ ಬಾಗಿದೆ. ಎಷ್ಟು ಬಾಗಿದೆ, ಗೊತ್ತಿಲ್ಲ. ಜೊತೆಗೆ ಮಡಕೆಯ ಚೂರುಗಳಿದ್ದವು, ಬೀದಿಯ ಗುಂಡಿ ಮುಚ್ಚಲು ಹಾಕಿದರು. ಯಾವ ಬಣ್ಣದ ಮಡಕೆ, ಗೊತ್ತಿಲ್ಲ. ಬೇರೆ ಕಾಸು ಇತ್ತೇ, ಗೊತ್ತಿಲ್ಲ. ನಡುವಿನ ತೂತನ್ನು ಹೊಡೆದವರು ಅವಳ ಗಂಡನೋ, ಹಿಂದಿನ ಕಾಲದವರೋ, ಅದೂ ಗೊತ್ತಿಲ್ಲ. ನಾನು ಗಂಡನೇ ಎಂದು ಬರೆಯಲು ಹೊರಟಿದ್ದೆ, ಅತ್ತೆ ಪೆನ್ನು ಹಿಡಿದುಕೊಂಡಳು.

ಕಾಸನ್ನು ಕೊಡುವುದಿಲ್ಲ ಎಂದಳು ಅಜ್ಜಿ. "ಚಿಲಕ ಯಾರು ಹಿ‌ಡ್ಕೊಂಡು ನಿಲ್ತಾರೆ?" ಎಂದಳು. ಹೊಸ ಚಿಲಕವನ್ನೇ ಹಾಕಿಕೊಟ್ಟೆ, ಹಿತ್ತಾಳೆಯದು. ಎಳೆದು ನೋಡಿದಳು, ನೂಕಿ ನೋಡಿದಳು, ಆಮೇಲೆ ಬಿಲ್ಲೆಯನ್ನು ಬಿಚ್ಚಿ ನನ್ನ ಕೈಗೆ ಹಾಕಿದಳು. ಹತ್ತಿಯಲ್ಲಿ ಸುತ್ತಿ ಇದರೊಂದಿಗೆ ಕಳಿಸಿದ್ದೇನೆ. ಉಜ್ಜಿಲ್ಲ, ತೊಳೆದಿಲ್ಲ, ತಿರುವಿಲ್ಲ.

ಮನೆಗೆ ಬಂದು ನನ್ನ ಪೆಟ್ಟಿಗೆಯನ್ನೂ ತೆಗೆದು ಕೂತೆ. ಒಂದೊಂದು ಗುಂಡಿಗೂ ನಿನ್ನ ಹಾಗೆ ದುಂಡನೆಯ ಚೀಟಿ ಕತ್ತರಿಸಿ ಬರೆಯುತ್ತಿದ್ದೇನೆ. ಹುಟ್ಟಿದ ಊರು ಬರೆದದ್ದಾಯಿತು, ಬಾಲ ಹೇಳುತ್ತದೆ. ಸಿಕ್ಕ ಊರು ಎಂದರೆ ಯಾವುದೋ ಸಂತೆಯ ಯಾವುದೋ ತಕ್ಕಡಿ, ಅದಕ್ಕೆ ಮೊದಲು ಎಲ್ಲಿತ್ತು ಎಂದು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಹಾಗಾಗಿ ಸಾಲು ಸಾಲಾಗಿ ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಬರೆಯುತ್ತಾ ಹೋಗುತ್ತಿದ್ದೇನೆ. ಮೊದಲ ಚೀಟಿಗೆ ಕೈ ಏಳಲಿಲ್ಲ. ಈಗ ಅಕ್ಷರ ದುಂಡಗೆ ಬರುತ್ತಿದೆ.

ನಿಮ್ಮ ಮುಖ್ಯಸ್ಥರಿಗೆ ಹೇಳು. ಬೆಟ್ಟದಿಂದ ಬಂದರಿನವರೆಗೆ ಹುಡುಕಿದರೂ, ನನಗೆ ಏನು ಗೊತ್ತಿಲ್ಲ ಎನ್ನುವುದನ್ನು ನನ್ನಷ್ಟು ಚೆನ್ನಾಗಿ ತಿಳಿದವನು ಇನ್ನೊಬ್ಬ ಸಿಗುವುದಿಲ್ಲ. ಇದ್ದರೆ ಕರೆದುಕೊಂಡು ಬರಲಿ, ನೋಡಿಯೇ ಬಿಡೋಣ.

ಇಂತಿ,
ನಿನ್ನ ಮಾವ